ಕೇಳಿದರೆ ಹೇಳೋಣವೋ?

ಹೋದ ಮಳೆಗಾಲದ ಕಡೆಯಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಿಂದ ಒಕ್ಕಲುತನ ಮಾಡುವ ಯೌವನಸ್ಥನೊಬ್ಬನು ಬೆಳಗಾವಿಯಲ್ಲಿರುವ ನಮ್ಮ ಮನೆಗೆ ಬಂದು, ಅಂಗಿಯ ಒಳಜೇಬಿನಿಂದ ನಾಲ್ಕು ಹಾಳೆಗಳ ಒಂದು ಕಾಗದವನ್ನು ತೆಗೆದು ನಮ್ಮ ಮುಂದಿಟ್ಟು, ಇದರ ಕನ್ನಡವನ್ನು ತಿದ್ದಿಕೊಡಬೇಕೆಂದು ಬೇಡಿಕೊಂಡನು. ಆತನ ಮನೆಮಾತು ಕನ್ನಡವೇ. ಆದರೆ ಊರಿನಲ್ಲಿದ್ದ ಶಾಲೆಯು ಮರಾಠಿಯದಾದ ಕಾರಣ ಬರವಣಿಗೆಯೆಲ್ಲ ಆ ಭಾಷೆಯಲ್ಲಿಯೇ ರೂಢಿಯಾಗಿ, ಒಕ್ಕಲುತನವನ್ನು ಶೇತಿಯೆಂದೂ ಮಳೆಯನ್ನು ಪಾವುಸವೆಂದೂ ಬರೆದಿದ್ದನು. ಖಾನಾಪುರದ ಸೀಮೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಕೇಳಬರುತ್ತವೆ. ಕಾಗದವು ಯಾರಿಗೆಂದರೆ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬ ಕನ್ನಿಕೆಗೆ. ಎರಡು ಮನೆಗಳ ಹಿರಿಯರು ಕೂತು ಮಾತಾಡಿದ್ದರು. ಸಾಖರಪುಡಾ ಇನ್ನೂ ಆಗಿರಲಿಲ್ಲ. ಆಕೆಯು ಆತನಿಗೆ, ಮೊಬೈಲಿನಲ್ಲಿ ಮಾತಾಡುವದು ಬೇಡ, ನಿಮ್ಮ ಮನೆ ಹೊಲಗಳ ಸಂಗತಿಯನ್ನು ಕಾಗದದಲ್ಲಿ ಬರೆದು ಕಳಿಸಿರಿ, ನಾನೂ ಬರೆಯುವೆನು, ಬಳಿಕ ಹಿರಿಯರಿಗೆ ಉತ್ತರ ಕೊಡುವೆನು ಎಂದು ಹೇಳಿದ್ದಳಂತೆ. ಈ ಕಾಲದ ಹೆಣ್ಣುಮಗಳು ಕಾಗದವನ್ನು ಬೇಡಿದ್ದು ನಮಗೆ ಆಶ್ಚರ್ಯವಾಯಿತು. ಅದರ ಕಾರಣವು ನಮಗೆ ತಿಳಿದದ್ದು ಆಮೇಲೆ.

ಕಾಗದದಲ್ಲಿದ್ದ ಸಂಗತಿಗಳು ಇವು: ನಮ್ಮದು ೪ ಎಕರೆ ೨೦ ಗುಂಟೆ ಭತ್ತದ ಗದ್ದೆ, ಮನೆಯ ಹಿಂದೆ ಗೇರುಮರಗಳೂ ಎರಡು ಹಲಸಿನ ಮರಗಳೂ ಇವೆ, ಮನೆಗೆ ಹಂಚು ಹೊದಿಸಿದೆ, ಮಲಪ್ರಭೆಯು ನಮ್ಮ ತಾಲೂಕಿನ ಕಣಕುಂಬಿಯಲ್ಲಿಯೇ ಹುಟ್ಟುವದು, ನಮ್ಮಲ್ಲಿ ಬೈಲುಸೀಮೆಯ ಹಾಗೆ ಮಳೆಯ ದಾರಿ ನೋಡುತ್ತ ಕೂಡ್ರುವ ಕಷ್ಟವಿಲ್ಲ, ಬೆಳಗಾವಿಗೆ ರೈಲಿನಲ್ಲಿ ಒಂದು ತಾಸಿನೊಳಗೆ ಬರಬಹುದು. ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಶಬ್ದಗಳನ್ನು ತಿದ್ದುತ್ತ ಇದೇನು ಅದೇನು ಎಂದು ನಾವು ಕೇಳಿದ ಹಾಗೆ ಬೇರೆ ಸಂಗತಿಗಳು ಹೊರಗೆ ಬಂದವು. ಉತಾರದಲ್ಲಿ ತಂದೆಯ ಹೆಸರಿನ ಸಂಗಡ ಇಬ್ಬರು ಚಿಕ್ಕಪ್ಪಂದಿರ ಹೆಸರುಗಳಿವೆ. ಪಾಲಾದರೆ ತಂದೆಗೆ ಬರುವದು ಒಂದೂವರೆ ಎಕರೆ, ಅದರಲ್ಲಿ ತಂಗಿಗೂ ಹಕ್ಕುಂಟು. ಸೊಸೈಟಿಯಲ್ಲಿಯೂ ಕೈಗಡವಾಗಿಯೂ ಸೇರಿ ೧,೮೦,೦೦೦ ರೂಪಾಯಿ ಸಾಲ; ತಾಯಿಯ ಬಳೆಗಳು ಬ್ಯಾಂಕಿನಲ್ಲಿ ಅಡವು. ಊರಿನ ದಾರಿಗೆ ಅಡ್ಡವಾಗಿ ಹಳ್ಳವೊಂದಿದ್ದು, ಜೂನದಿಂದ ಸಪ್ಟಂಬರದ ವರೆಗೆ ಅದು ಏರಿದ ದಿನ ಬಸ್ಸು ಬರುವದಿಲ್ಲ. ರೋಗಿಗಳನ್ನು ಹೊತ್ತುಕೊಂಡೇ ದಾಟಿಸಬೇಕು. ಭತ್ತವು ತೆನೆಗಟ್ಟಿದ ಮೇಲೆ ಅಡವಿಯಿಂದ ಕಾಡುಕೋಣಗಳೂ ಒಮ್ಮೊಮ್ಮೆ ಆನೆಗಳೂ ಬರುವದರಿಂದ ಕೊಯಿಲಿನ ವರೆಗೆ ಆತನ ರಾತ್ರಿಗಳೆಲ್ಲ ಗದ್ದೆಯ ಅಟ್ಟಣಿಗೆಯ ಮೇಲೆಯೇ. ಗದ್ದೆಯು ನಮ್ಮದು ಎಂಬ ಮಾತು ನಿಜವೇ. ಆ ನಮ್ಮ ಎಂಬ ಶಬ್ದದೊಳಗೆ ಎಷ್ಟು ಮಂದಿ ಕೂತಿದ್ದಾರೆಂಬದು ಮಾತ್ರ ಕಾಗದದಲ್ಲಿರಲಿಲ್ಲ.

ಇದನ್ನೆಲ್ಲ ಬರೆಯಬಾರದೆಂದು ಆತನ ಸೋದರಮಾವನು ಕಟ್ಟಾಜ್ಞೆ ಮಾಡಿದ್ದನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ, ನಾನು ನಿನಗೆ ಒಂದು ಸುಳ್ಳನ್ನೂ ಹೇಳಲು ಹೇಳುವದಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂಬದು ಮಾವನ ಬುದ್ಧಿವಾದ. ಯೌವನಸ್ಥನು ನಮ್ಮ ಮುಖವನ್ನು ನೋಡಿ, "ಮಾಸ್ತರರೇ, ಇದನ್ನೆಲ್ಲ ಈಗಲೇ ಬರೆಯಬೇಕೋ? ಇಲ್ಲವೆ ಆಕೆಯು ಕೇಳಿದರೆ ಹೇಳೋಣವೋ?" ಎಂದು ಕೇಳಿದನು.

ಆ ಮಾತನ್ನು ಕೇಳಿ ನಾವು ಬಹಳ ಹೊತ್ತು ಸುಮ್ಮನಿದ್ದೆವು. ಯಾಕಂದರೆ ಅದು ನಮ್ಮದೇ ಮಾತು.

೧೯೯೦ರ ಸುಮಾರಿನಲ್ಲಿ ನಾವು ಅದೇ ಸೀಮೆಯ ಒಂದು ಊರಿನಲ್ಲಿ ಮಾಸ್ತರರಾಗಿದ್ದಾಗ, ಓದುಬರಹ ತಿಳಿಯದ ಒಬ್ಬ ರೈತನಿಗೋಸ್ಕರ ಆತನು ಮದುವೆಯಾಗಲಿದ್ದ ಹುಡುಗಿಗೆ ಆರು ಕಾಗದಗಳನ್ನು ಬರೆದುಕೊಟ್ಟೆವು. ಆ ಮನುಷ್ಯನಿಗೆ ಮೂರ್ಛೆರೋಗವಿತ್ತು. ಡಾಕ್ಟರರು ಕೊಟ್ಟ ಗುಳಿಗೆಯನ್ನು ದಿನಾಲು ತಕ್ಕೊಳ್ಳುತ್ತಿದ್ದದರಿಂದ ಎರಡು ವರುಷಗಳಿಂದ ಒಮ್ಮೆಯೂ ಬಿದ್ದಿರಲಿಲ್ಲ. ಎರಡನೆಯ ಕಾಗದವನ್ನು ಬರೆಯುವಾಗ ಆತನೇ, ಇದನ್ನು ಬರೆಯಬೇಕೇ ಎಂದು ಕೇಳಿದನು. ಆಗ ನಮಗೆ ಇಪ್ಪತ್ತೈದು ವಯಸ್ಸು. ಕಾಗದವು ಚಂದವಾಗಿ ಬರುತ್ತಿತ್ತು. ಮಳೆ, ಹಸುರು, ಗದ್ದೆ ಎಂದು ಬರೆಯುತ್ತಿದ್ದ ನಮಗೆ ನಡುವೆ ರೋಗದ ಸುದ್ದಿಯು ಬೇಡವಾಗಿತ್ತು. ಆಕೆಯು ಕೇಳಿದರೆ ಹೇಳೋಣ ಎಂದುಬಿಟ್ಟೆವು. ಆಕೆಯು ಕೇಳಲಿಲ್ಲ. ಗಟ್ಟಿಮುಟ್ಟಾದ ಒಬ್ಬ ಗಂಡಸಿಗೆ, ನೀನು ಒಮ್ಮಿಂದೊಮ್ಮೆ ನೆಲಕ್ಕೆ ಬೀಳುತ್ತೀಯೋ ಎಂದು ಯಾವ ಹುಡುಗಿಯು ಕೇಳುವಳು? ಮದುವೆಯಾದ ಮೇಲೆ ನೆಂಟರು ತುಂಬಿದ ಮನೆಯಲ್ಲಿ ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಆತನು ಗುಳಿಗೆಗಳನ್ನು ಹುಲ್ಲಿನ ಬಣಿವೆಯಲ್ಲಿ ಬಚ್ಚಿಟ್ಟನು. ಬಚ್ಚಿಟ್ಟದ್ದನ್ನು ದಿನಾಲು ಹೋಗಿ ತೆಗೆಯಲಿಕ್ಕೆ ಆಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಬಚ್ಚಲೊಲೆಗೆ ಕಟ್ಟಿಗೆ ಹಾಕುವಾಗ ರೋಗ ಬಂದು ಒಲೆಯ ಬಾಯಿಗೇ ಬಿದ್ದು ಬಲಗೈ ಸುಟ್ಟಿತು. ಆಕೆಗೆ ಏನು ಮಾಡಬೇಕೆಂಬದು ತಿಳಿಯಲಿಲ್ಲ. ಗಾಳಿ ಮೆಟ್ಟಿತೆಂದು ಮನೆಯವರು ಮಂತ್ರಗಾರನನ್ನು ಕರಕೊಂಡು ಬಂದರು. ಮಧ್ಯಾಹ್ನ ಮೀರಿದ ಮೇಲೆ ದವಾಖಾನೆಗೆ ಹೋದರು. ಕೈ ಉಳಿಯಿತು; ಎರಡು ಬೆರಳುಗಳು ಮಾತ್ರ ಮಡಚದೆ ಹೋದವು. ನಾವು ನೋಡಲು ಹೋದಾಗ ಆಕೆಯು ಸಿಟ್ಟುಮಾಡಲಿಲ್ಲ. "ಕಾಗದದ ಅಕ್ಷರ ನಿಮ್ಮವಂತಲ್ಲಾ? ಒಂದು ಸಾಲು ಬರೆದಿದ್ದರೆ ಗುಳಿಗೆಯನ್ನು ನಾನೇ ಕೈಗೆ ಕೊಡುತ್ತಿದ್ದೆ" ಎಂದಷ್ಟೇ ಅಂದಳು.

ಈಗ ವಿಷಯಕ್ಕೆ ಬರುವೆವು. ಮದುವೆಗೆ ಮುಂಚೆ ಬರೆಯುವ ಕಾಗದದಲ್ಲಿ ಕೇಳದೆ ಇದ್ದ ಸಂಗತಿಯನ್ನೂ ಹೇಳಬೇಕೋ? ಸುಮ್ಮನಿರುವದೂ ಒಂದು ವಿಧದ ಸುಳ್ಳೋ?

ಮಾವನು ಹೇಳಿದ ಗಾದೆಯನ್ನು ಒಮ್ಮೆಲೆ ತೆಗೆದುಹಾಕುವದು ನ್ಯಾಯವಲ್ಲ. ಅದಕ್ಕೆ ಹಳೆಯ ಆಧಾರಗಳುಂಟು. ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆಯು ಯಯಾತಿಗೆ ಹೇಳುವ ಮಾತಿನಲ್ಲಿ, ದೋಷವಿಲ್ಲದ ಐದು ಬಗೆಯ ಸುಳ್ಳುಗಳ ಲೆಕ್ಕ ಬರುವದು. ವಿವಾಹದ ವೇಳೆಯ ಸುಳ್ಳು ಅವುಗಳಲ್ಲಿ ಒಂದು. ಇದಲ್ಲದೆ ಆ ಗಾದೆಯು ಹುಟ್ಟಿದ ಲೋಕವು ಬೇರೆ. ಸಂಬಂಧ ಕೂಡಿಸುವವನು ನಡುಮನೆಯಲ್ಲಿ ಹತ್ತು ಮಂದಿಯ ಮುಂದೆ ಕೂತು, ಹುಡುಗನು ಚಿನ್ನ, ಅತ್ತೆಯು ಹಸು ಎಂದು ಹೊಗಳುವಾಗ, ಕೇಳುವವರು ಆ ಹೊಗಳಿಕೆಯಲ್ಲಿ ರೂಪಾಯಿಗೆ ಹತ್ತಾಣೆಯನ್ನು ತಾವೇ ಕಳೆದುಕೊಳ್ಳುತ್ತಿದ್ದರು. ದನದ ಸಂತೆಯಲ್ಲಿ ದಲಾಲಿಯ ಮಾತನ್ನು ಯಾರು ಪೂರ್ತಿಯಾಗಿ ನಂಬುತ್ತಾರೆ? ಮದುವೆಯ ಸುದ್ದಿಗಳೂ ಆಗ ಗುಟ್ಟಾಗಿರಲಿಲ್ಲ. ಹಿಂದೂದೇಶದಲ್ಲಿ ೧೮೭೯ನೇ ಇಸವಿಯಲ್ಲಿ ಕಾಲಾಣೆಯ ಅಂಚೆಕಾರ್ಡು ಹೊರಟ ಮೇಲೆ ಎಷ್ಟೋ ಮನೆಗಳ ಸಂಬಂಧಗಳು ತೆರೆದ ಕಾರ್ಡುಗಳಲ್ಲಿಯೇ ಕುದುರಿದವು. ಅಂಚೆಯವನು ಕಟ್ಟೆಯ ಮೇಲೆ ನಿಂತು ಅದನ್ನು ಓದಿ ಹೇಳುವಾಗ ಅರ್ಧ ಓಣಿಯು ಕೇಳುತ್ತಿತ್ತು. ಎಲ್ಲರೂ ಕೇಳಿದ ಸುಳ್ಳನ್ನು ಯಾರಾದರೊಬ್ಬರು ಮುರಿಯುತ್ತಿದ್ದರು. ಆದರೆ ಅಂಟು ಹಚ್ಚಿದ ಲಕೋಟೆಯೊಳಗೆ ಒಬ್ಬನು ಒಬ್ಬಳಿಗೆ ತನ್ನ ಕೈಯಿಂದ ಬರೆದ ಕಾಗದದಲ್ಲಿ ಆಕೆಯು ಏನನ್ನು ಕಳೆದುಕೊಳ್ಳಬೇಕು? ದಲಾಲಿಯಿಲ್ಲದ ಕಡೆಗೆ ದಲಾಲಿಯ ಗಾದೆಯು ಸಲ್ಲುವದು ಹೇಗೆ?

ಮಾವನು ಜಾಣನು. ನಾನು ಸುಳ್ಳು ಹೇಳೆನ್ನುವದಿಲ್ಲ, ಸುಮ್ಮನಿರೆನ್ನುತ್ತೇನೆ ಎಂಬ ಆತನ ಮಾತಿಗೆ ಉತ್ತರವು ಅಷ್ಟು ಸುಲಭವಲ್ಲ. ನಮ್ಮ ದೇಶದ ಕಾಯಿದೆಯೂ ಅರ್ಧದಾರಿಯ ವರೆಗೆ ಆತನ ಸಂಗಡವೇ ಹೋಗುವದು. ೧೮೭೨ನೇ ಇಸವಿಯ ಕರಾರು ಕಾಯಿದೆಯು ಇಂದಿಗೂ ನಡೆಯುತ್ತಿದೆ. ಅದರ ೧೭ನೇ ಕಲಮಿನಲ್ಲಿ ಮೋಸವೆಂದರೇನೆಂದು ಹೇಳುವಾಗ, ಬರೇ ಸುಮ್ಮನಿರುವದು ಮೋಸವಲ್ಲವೆಂದು ಹೇಳಿ, ಒಂದು ಕುದುರೆಯ ದೃಷ್ಟಾಂತವನ್ನು ಕೊಟ್ಟಿದೆ. ಒಬ್ಬನು ತನ್ನ ಕುದುರೆಯಲ್ಲಿ ಐಬು ಇರುವದನ್ನು ತಿಳಿದೂ ಲಿಲಾವಿನಲ್ಲಿ ಏನೂ ಹೇಳದೆ ಅದನ್ನು ಮತ್ತೊಬ್ಬನಿಗೆ ಮಾರಿದರೆ ಅದು ಮೋಸವಲ್ಲ. ಇದನ್ನು ಕೇಳಿದರೆ ಮಾವನು ಮೀಸೆ ತಿರುವುವನು. ಆದರೆ ಅದೇ ಕಲಮು ಮುಂದಿನ ಸಾಲಿನಲ್ಲಿಯೇ ತಿರುಗಿ ನಿಲ್ಲುತ್ತದೆ: ಕುದುರೆಯನ್ನು ಕೊಳ್ಳುವವಳು ಆಗಲೇ ಪ್ರಾಯಕ್ಕೆ ಬಂದ ಮಾರುವವನ ಸ್ವಂತ ಮಗಳಾಗಿದ್ದರೆ, ಅವರಿಬ್ಬರ ಸಂಬಂಧದ ದೆಸೆಯಿಂದ ಐಬನ್ನು ಹೇಳುವದು ಆತನ ಕರ್ತವ್ಯವಾಗುತ್ತದೆ. ಕುದುರೆಯು ಅದೇ, ಐಬೂ ಅದೇ, ಕೇಳದೆ ಇದ್ದದ್ದೂ ಅದೇ. ಬದಲಾದದ್ದು ಸಂಬಂಧ ಮಾತ್ರ. ಮತ್ತೂ ಒಂದು ದೃಷ್ಟಾಂತವಿದೆ: ನೀನು ಇಲ್ಲವೆನ್ನದಿದ್ದರೆ ಕುದುರೆಯು ಚನ್ನಾಗಿದೆಯೆಂದೇ ತಿಳಿಯುವೆನು ಎಂದು ಕೊಳ್ಳುವವನು ಹೇಳಿದ ಮೇಲೆ ಮಾರುವವನು ಸುಮ್ಮನಿದ್ದರೆ ಆ ಸುಮ್ಮನಿರುವಿಕೆಯು ಮಾತಿಗೆ ಸಮಾನ. ಮದುವೆಯಾಗಲಿರುವ ಹುಡುಗಿಯು ಬಾಯಿಬಿಟ್ಟು ಹೇಳದಿದ್ದರೂ ಆಕೆಯ ಪ್ರತಿಯೊಂದು ಕಾಗದದಲ್ಲಿಯೂ ಇರುವದು ಈ ಮಾತೇ ಅಲ್ಲವೋ? ಅಪರಿಚಿತನ ಲಿಲಾವಿಗೂ ಮಗಳ ಮನೆಗೂ ಕಾಯಿದೆಯನ್ನು ಬರೆದವರು ಭೇದ ಮಾಡಿದ್ದಾರೆ. ಹೆಂಡತಿಯಾಗಲಿರುವವಳನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂದು ಮಾವನೇ ಹೇಳಲಿ.

ಈ ತಕರಾರು ಎರಡು ಸಾವಿರ ವರುಷಕ್ಕಿಂತಲೂ ಹಳೆಯದು. ರೋಮಾಪುರದ ಸಿಸೆರೋ ಎಂಬವನು ಕ್ರಿಸ್ತಪೂರ್ವ ೪೪ನೇ ವರುಷದಲ್ಲಿ ಕರ್ತವ್ಯಗಳ ವಿಷಯವಾಗಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ, ಕಾಳಿನ ವ್ಯಾಪಾರಿಯೊಬ್ಬನ ಪ್ರಶ್ನೆಯನ್ನು ಎತ್ತಿದ್ದಾನೆ. ರೋದ ದ್ವೀಪದಲ್ಲಿ ಬರ ಬಿದ್ದಿರುವಾಗ ಈ ವ್ಯಾಪಾರಿಯು ಅಲೆಕ್ಸಾಂದ್ರಿಯದಿಂದ ಹಡಗು ತುಂಬ ಕಾಳು ತಂದಿದ್ದಾನೆ. ತನ್ನ ಹಿಂದೆಯೇ ಬೇರೆ ಹಡಗುಗಳು ಬರುತ್ತಿರುವದನ್ನು ಆತನು ಬಲ್ಲನು. ಅದನ್ನು ಹೇಳಬೇಕೋ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೋ? ದಿಯೊಗೇನ ಎಂಬ ಪಂಡಿತನು, ಕಾಯಿದೆಯು ಹೇಳೆಂದದ್ದನ್ನು ಹೇಳಿದರೆ ಸಾಕೆಂದನು. ಅಂತಿಪಾತ್ರ ಎಂಬ ಆತನ ಶಿಷ್ಯನು, ಮಾರುವವನು ಬಲ್ಲದ್ದೆಲ್ಲವನ್ನೂ ಕೊಳ್ಳುವವನು ತಿಳಿಯಬೇಕೆಂದನು. ಸಿಸೆರೋನು ಶಿಷ್ಯನ ಪಕ್ಷವನ್ನು ಹಿಡಿದನು. ಹೇಳದೆ ಇದ್ದದ್ದೆಲ್ಲ ಮುಚ್ಚಿಟ್ಟದ್ದಲ್ಲ. ತಿಳಿದರೆ ಅವರಿಗೆ ಪ್ರಯೋಜನವಾಗುವದನ್ನು ನಿನ್ನ ಲಾಭಕ್ಕೋಸ್ಕರ ಅವರಿಗೆ ತಿಳಿಯಗೊಡದೆ ಇರುವದೇ ಮುಚ್ಚಿಡುವದು ಎಂಬದು ಆತನ ವಿವೇಚನೆಯ ತಾತ್ಪರ್ಯ. ನಮಗೆ ಇದು ಸರಿಯಾದ ಅಳತೆಗೋಲೆಂದು ತೋರುತ್ತದೆ. ಹಲಸಿನ ಮರದ ಒಂದು ಕೊಂಬೆ ಒಣಗಿರುವದನ್ನು ಬರೆಯದಿದ್ದರೆ ಏನೂ ಇಲ್ಲ. ಹಳ್ಳದ ದಾರಿಯನ್ನು ಬರೆಯದೆ ಇರುವದಕ್ಕೆ ಕಾರಣವು, ಬರೆದರೆ ಆಕೆಯು ಬೇಡವೆಂದಾಳು ಎಂಬ ಭಯವಲ್ಲದೆ ಬೇರೆ ಏನು?

ಮಾವನಲ್ಲಿ ಇನ್ನೊಂದು ಯುಕ್ತಿಯೂ ಇತ್ತು. ಹೇಳಲೇಬೇಕಾದರೆ ಬಾಯಿಯಿಂದ ಹೇಳು, ಬರೆದರೆ ಅದು ಸಾಕ್ಷಿಯಾಗುವದು ಎಂದು ಆತನು ಹೇಳಿದ್ದನಂತೆ. ಇದಕ್ಕೆ ಸ್ಕಾಟ್ಲೆಂಡಿನ ಒಬ್ಬ ರೈತನ ಕಥೆಯನ್ನು ಹೇಳುವೆವು. ರಾಬರ್ಟ್ ಬರ್ನ್ಸ್ ಎಂಬ ಹೆಸರು ಕವಿಯೆಂದು ಪ್ರಸಿದ್ಧವಾಗಿದೆ. ಆದರೆ ಯೌವನದಲ್ಲಿ ಆತನು ತಂದೆಯ ಸಂಗಡ ಗೇಣಿಯ ಹೊಲದಲ್ಲಿ ನೇಗಿಲು ಹಿಡಿಯುತ್ತಿದ್ದವನು. ೧೭೮೧ರ ಸುಮಾರಿನಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಆತನು ಬರೆದ ಕೆಲವು ಮದುವೆಯ ಕಾಗದಗಳು ಉಳಿದಿವೆ. ಅವು ಅಲಿಸನ್ ಬೆಗ್ಬಿ ಎಂಬ ಕನ್ನಿಕೆಗೆ ಬರೆದವುಗಳೆಂದು ಹೇಳುತ್ತಾರೆ. ಊರಿನವರಿಗೆ ನಗೆಯನ್ನೂ ಕಣ್ಣೀರನ್ನೂ ತರಿಸಬಲ್ಲ ಆ ಮನುಷ್ಯನು ಈ ಕಾಗದಗಳಲ್ಲಿ ಮಾತ್ರ ತನ್ನ ಆಡುಮಾತನ್ನು ಬಿಟ್ಟು, ಪುಸ್ತಕದಲ್ಲಿ ಓದಿದ ಇಂಗ್ಲಿಷಿನಲ್ಲಿ, ಹಬ್ಬದ ಅಂಗಿ ತೊಟ್ಟವನ ಹಾಗೆ ಬಿಗಿದುಕೊಂಡು ಬರೆದಿದ್ದಾನೆ. ಹೊಲದ ವಾಸನೆಯೇ ಅವುಗಳಲ್ಲಿ ಇಲ್ಲ. ಆ ಹುಡುಗಿಯು ಒಲ್ಲೆನೆಂದಳು. ಶೇತಿ, ಪಾವುಸ ಎಂಬ ಶಬ್ದಗಳನ್ನು ಅಡ್ಡಗೆರೆ ಹೊಡೆದು ಕೃಷಿ, ವೃಷ್ಟಿ ಎಂದು ತಿದ್ದಲು ಹೊರಟಿದ್ದ ನಮ್ಮ ಕೈ ಇದು ನೆನಪಿಗೆ ಬಂದು ತಡೆಯಿತು.

ಅನಂತರ ೧೭೮೬ರಲ್ಲಿ ಆತನು ಮಾಕ್ಲಿನ್ ಊರಿನ ಜೀನ್ ಆರ್ಮರ್ ಎಂಬವಳಿಗೆ, ನಾವಿಬ್ಬರೂ ಗಂಡಹೆಂಡರೆಂದು ಒಪ್ಪಿದ ಒಂದು ಬರಹವನ್ನು ಕೊಟ್ಟನು. ಆ ದೇಶದ ಅಂದಿನ ನ್ಯಾಯದಲ್ಲಿ ಇಂಥ ಬರಹವೂ ಮದುವೆಗೆ ಆಧಾರವಾಗುತ್ತಿತ್ತು. ಬಡ ರೈತನು ಅಳಿಯನಾಗುವದನ್ನು ಸಹಿಸದ ಆಕೆಯ ತಂದೆಯು ಬರಹವನ್ನು ವಕೀಲನ ಬಳಿಗೆ ಒಯ್ದು, ಅದರಲ್ಲಿದ್ದ ಇಬ್ಬರ ಹೆಸರುಗಳನ್ನೂ ಕತ್ತರಿಸಿ ತೆಗೆಯಿಸಿದನು. ಕಾಗದದಲ್ಲಿ ತೂತು ಬಿತ್ತು. ಆದರೆ ಸಪ್ಟಂಬರದಲ್ಲಿ ಅವಳಿಮಕ್ಕಳು ಹುಟ್ಟಿದವು; ೧೭೮೮ರಲ್ಲಿ ಅಲ್ಲಿಯ ಸಭೆಯ ಹಿರಿಯರು ಅವರಿಬ್ಬರನ್ನು ಗಂಡಹೆಂಡರೆಂದು ಒಪ್ಪಿಕೊಂಡರು. ಬರ್ನ್ಸನ ನಡತೆಯೆಲ್ಲವೂ ಅನುಕರಿಸತಕ್ಕದ್ದೆಂದು ನಾವು ಹೇಳುವದಿಲ್ಲ, ಹೇಳಲೂ ಆಗದು. ಆದರೂ ಬರಹದಿಂದ ಹೆಸರನ್ನು ಕತ್ತರಿಸಿದರೆ ಕೊಟ್ಟ ಮಾತು ಕತ್ತರಿಸಿ ಹೋಗುವದಿಲ್ಲವೆಂಬದನ್ನು ಆ ತಂದೆಯು ಎರಡೇ ವರುಷಗಳಲ್ಲಿ ಕಂಡನು. ಬರೆಯದೆ ಇದ್ದರೆ ಹೊಣೆಯಿಲ್ಲವೆಂದು ತಿಳಿಯುವ ಮಾವನು ಅದೇ ತಪ್ಪನ್ನು ಇನ್ನೊಂದು ಬದಿಯಿಂದ ಮಾಡುತ್ತಾನೆ.

ಬರೇ ಕಾಗದವನ್ನೇ ನಂಬಿ ಬದುಕನ್ನು ಕಟ್ಟಿದವರು ನಮ್ಮ ಕನ್ನಡನಾಡಿನಲ್ಲಿಯೇ ಇದ್ದರು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನವರು ೧೮೩೭ರಲ್ಲಿ ತಮ್ಮ ಮದುವೆಗಳಿಗೆ ಕಟ್ಟಳೆಗಳನ್ನು ಮಾಡಿಕೊಂಡಿದ್ದರು. ಬೋಧಕನು ಒಬ್ಬನೇ ದೇಶಾಂತರಕ್ಕೆ ಹೊರಡಬೇಕು. ಕೆಲವು ವರುಷಗಳಾದ ಮೇಲೆ ಮದುವೆಗೆ ಅಪ್ಪಣೆ ಬೇಡಬೇಕು. ಬಾಸೆಲಿನ ಕಮಿಟಿಯು ಒಪ್ಪಿದ ಕನ್ನಿಕೆಯು ಹಡಗು ಹತ್ತಿ ಬರಬೇಕು. ಎಷ್ಟೋ ಮಂದಿ ಹೆಣ್ಣುಮಕ್ಕಳು ತಮ್ಮ ವರನ ಮುಖವನ್ನು ಮೊದಲು ನೋಡಿದ್ದು ಈ ಕಡೆಗೆ ಬಂದು ಇಳಿದ ಮೇಲೆಯೇ. ಅದರ ವರೆಗೆ ಆಕೆಯ ಪಾಲಿಗೆ ಆತನೆಂದರೆ ಕೆಲವು ಹಾಳೆಗಳು. ಆ ಪದ್ಧತಿಯು ಒಳ್ಳೇದೋ ಕೆಟ್ಟದ್ದೋ ಎಂಬದು ಬೇರೆ ಮಾತು. ನಮಗಂತೂ ಅದರಲ್ಲಿ ಕಮಿಟಿಯ ಕೈ ಹೆಚ್ಚಾಯಿತೆಂದು ಅನಿಸುತ್ತದೆ. ಆದರೆ ಜ್ವರವನ್ನೂ ಸೆಕೆಯನ್ನೂ ಮರೆಮಾಡಿ ತೆಂಗಿನ ತೋಪನ್ನು ಮಾತ್ರ ಬರೆದವನು ಅಂಥವಳಿಗೆ ಏನು ಮಾಡಿದಂತಾಯಿತು? ಬೆಳಗಾವಿಯಿಂದ ಖಾನಾಪುರಕ್ಕೆ ಸಮುದ್ರವಿಲ್ಲ. ಇಪ್ಪತ್ತಾರು ಕಿಲೋಮೀಟರಿನ ದಾರಿ. ಆದರೂ ಹಳ್ಳವು ಏರಿದ ದಿನ ತಾಯಿಯ ಮನೆಗೆ ಹೋಗಲಾರದವಳಿಗೆ ಅದೂ ಒಂದು ಸಮುದ್ರವೇ.

ಇಷ್ಟು ಹೇಳಿದ ಮೇಲೆ ಯೌವನಸ್ಥನ ಪಕ್ಷವನ್ನೂ ನೋಡಬೇಕು. ಆತನ ಭಯವು ಸಣ್ಣದಲ್ಲ. ೨೦೨೩ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಗಂಡುಮಕ್ಕಳು, ಬಹು ಮಟ್ಟಿಗೆ ರೈತರ ಮನೆಯವರು, ತಮಗೆ ಕನ್ಯೆ ಸಿಕ್ಕಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡೆಯಾಗಿ ಹೋದರು. ಪತ್ರಿಕೆಗಳು ಅದನ್ನು ನಗುತ್ತ ಬರೆದವು. ನಮಗೆ ನಗೆ ಬರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿಯೂ ಸಂಬಳದವನಿಗೆ ಒಂದು ತಿಂಗಳಲ್ಲಿ ಕುದುರುವ ಸಂಬಂಧವು ಒಕ್ಕಲುತನದವನಿಗೆ ಮೂರು ವರುಷವಾದರೂ ಕುದುರುವದಿಲ್ಲ. ಕಬ್ಬು ಕಳಿಸಿದ ಹದಿನಾಲ್ಕು ದಿನಗಳೊಳಗೆ ಹಣ ಕೊಡಬೇಕೆಂದು ೧೯೬೬ರ ಕಬ್ಬು ಹತೋಟಿ ಆಜ್ಞೆಯು ಹೇಳುತ್ತದೆ. ಮಗಳನ್ನು ಕೊಡುವ ತಂದೆಯು ಆ ಆಜ್ಞೆಯನ್ನು ನೋಡುವದಿಲ್ಲ, ಹಣ ಬಂದ ತಾರೀಖನ್ನು ನೋಡುತ್ತಾನೆ. ಹೀಗಿರುವಾಗ, ಇರುವದನ್ನೆಲ್ಲ ಬರೆ ಎಂದು ನಾವು ಮೇಜಿನ ಹಿಂದೆ ಕೂತು ಹೇಳುವದು ಬಹಳ ಸುಲಭ. ಸತ್ಯವು ನಮಗೆ ಒಂದು ಹಾಳೆಯ ಖರ್ಚು. ಆತನಿಗೆ ಅದು ಒಂದು ಸಂಸಾರದ ಖರ್ಚಾಗಬಹುದು. ಸತ್ಯ ಹೇಳಿದವನಿಗೆ ಒಳ್ಳೇದೇ ಆಗುವದೆಂದು ನಾವು ಆತನಿಗೆ ಭರವಸೆ ಕೊಡಲಿಲ್ಲ. ಅದು ನಮ್ಮ ಕೈಯಲ್ಲಿಲ್ಲ.

ಆದರೆ ನಮ್ಮ ವಾಚಕರೆಲ್ಲರೂ ಬಲ್ಲ ಒಬ್ಬ ರೈತನ ಹೆಸರನ್ನು ಹೇಳಿದೆವು. ಬೇತ್ಲೆಹೇಮಿನ ಬೋವಜನು ರಾಶಿಯ ಬಳಿಯಲ್ಲಿ ಮಲಗಿದ್ದಾಗ ರೂತಳು ಬಂದು ತನ್ನನ್ನು ಸೇರಿಸಿಕೊಳ್ಳಬೇಕೆಂದು ಬೇಡಿದಳು. ನಡುರಾತ್ರಿ, ಕೇಳುವವರು ಯಾರೂ ಇಲ್ಲ, ಆಕೆಯು ಪರದೇಶದವಳು, ಆ ನಾಡಿನ ಪದ್ಧತಿಗಳನ್ನು ಪೂರ್ತಿಯಾಗಿ ತಿಳಿಯದವಳು. ಆತನು ಹೌದೆಂದು ಹೇಳಿ ಸುಮ್ಮನಿರಬಹುದಾಗಿತ್ತು. ಆದರೆ ತನಗಿಂತ ಹತ್ತಿರದ ಬಾಧ್ಯಸ್ಥನು ಮತ್ತೊಬ್ಬನಿದ್ದಾನೆಂಬದನ್ನು, ಆಕೆಯು ಕೇಳದಿದ್ದರೂ, ಅಲ್ಲಿಯೇ ಹೇಳಿದನು. ಹೇಳಿದ್ದರಿಂದ ಆಕೆಯನ್ನು ಕಳಕೊಳ್ಳುವ ಸಂಭವವಿತ್ತು. ಮರುದಿನ ಊರಬಾಗಿಲಲ್ಲಿ ಆ ಬಾಧ್ಯಸ್ಥನು ಮೊದಲು ಹೊಲವನ್ನು ನಾನೇ ಕೊಳ್ಳುತ್ತೇನೆಂದು ಅಂದೇಬಿಟ್ಟ ಗಳಿಗೆಯಲ್ಲಿ ಬೋವಜನ ಎದೆಯು ಹೇಗಿದ್ದಿತೆಂಬದನ್ನು ಗ್ರಂಥವು ಬರೆದಿಲ್ಲ. ಮದುವೆಗೆ ತಿರುಗಾಡಿದ ಗಂಡಸರು ಊಹಿಸಿಕೊಳ್ಳಲಿ.

ಹಾಗಾದರೆ ಎಲ್ಲವನ್ನೂ ಬರೆಯಬೇಕೋ? ಅಲ್ಲ. ಎಲ್ಲವನ್ನೂ ಹೇಳಿ ಎದೆಯ ಭಾರವನ್ನು ಇಳಿಸಿಕೊಳ್ಳುವ ಒಂದು ಜಾತಿಯ ಕಾಗದವಿದೆ. ಅದು ತನ್ನ ಹೊರೆಯನ್ನು ಮತ್ತೊಬ್ಬರ ತಲೆಯ ಮೇಲೆ ಇಡುವ ಕೆಲಸವೇ ಹೊರತು ಸತ್ಯಸಂಧತೆಯಲ್ಲ. ಈ ಯೌವನಸ್ಥನಿಗೆ ಮೊದಲು ಒಂದು ಸಂಬಂಧ ಬಂದು, ಕೆಲವು ಕಾಲ ಮಾತುಕತೆಯಾಗಿ, ಮುರಿದಿತ್ತು. ಅದನ್ನು ಬರೆಯಲೋ ಎಂದು ಕೇಳಿದನು. ಇಂಥದೊಂದು ಆಗಿ ಮುಗಿಯಿತು ಎಂದು ಬರೆ, ಆದರೆ ಆ ಹುಡುಗಿಯ ಹೆಸರನ್ನಾಗಲಿ ಊರನ್ನಾಗಲಿ ಬರೆಯಬೇಡ, ಆಕೆಯ ಮಾನವು ನೀನು ಹಂಚತಕ್ಕ ಸೊತ್ತಲ್ಲ ಎಂದು ಹೇಳಿದೆವು. ಚಿಕ್ಕಪ್ಪನೊಬ್ಬನ ಕುಡಿತವೂ ಹಾಗೆಯೇ. ಆದರೆ ಆ ಕುಡಿತದ ಸಾಲವು ಕೂಡಿದ ಗದ್ದೆಯ ಮೇಲೆ ಇದ್ದರೆ ಸಾಲದ ಮಟ್ಟಿಗೆ ಹೇಳಬೇಕು. ತಾಯಿಯು ಸಿಟ್ಟಿನವಳೆಂದು ಆತನು ಮೊದಲನೆಯ ಹಾಳೆಯಲ್ಲಿ ಬರೆದು ಆಮೇಲೆ ಒಡೆದುಹಾಕಿದ್ದನು. ಅದು ಬೇಡ, ತಾನೇ ತಿಳಿದುಕೊಳ್ಳುವಳು ಎಂದು ನಾವು ನಕ್ಕೆವು. ನಮ್ಮ ಮನೆಯವರು ಒಳಗಿನಿಂದ ಇದನ್ನು ಕೇಳಿ, ಮೊದಲು ಬರೆಯಬೇಕಾದದ್ದು ಅದೇ ಎಂದರು. ಈ ಅಂಶದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಏಕಮತವಾಗಿಲ್ಲ.

ಆತನು ಅಲ್ಲಿಯೇ ಕೂತು ಕಾಗದವನ್ನು ಹೊಸದಾಗಿ ಬರೆದನು. ನಾವು ಕಾಗುಣಿತವನ್ನಷ್ಟೇ ತಿದ್ದಿದೆವು. ಶೇತಿ ಎಂಬದನ್ನು ಹಾಗೆಯೇ ಬಿಟ್ಟೆವು, ಆಕೆಗೆ ಅದು ತಿಳಿಯುವದು. ಉತಾರದಲ್ಲಿರುವ ಮೂರು ಹೆಸರುಗಳು, ೧,೮೦,೦೦೦ ರೂಪಾಯಿ, ಅಡವಾಗಿರುವ ಬಳೆಗಳು, ಹಳ್ಳ, ಆನೆ ಎಲ್ಲವೂ ಬಂದವು. ಕಡೆಗೆ ತಾನಾಗಿಯೇ ಒಂದು ಮಾತನ್ನು ಸೇರಿಸಿದನು: ನೀವು ಆಸ್ಪತ್ರೆಯ ಕೆಲಸವನ್ನು ಬಿಡಬೇಕೆಂದು ನಾನು ಹೇಳುವದಿಲ್ಲ, ಆದರೆ ಮಳೆಗಾಲದಲ್ಲಿ ನಮ್ಮ ಊರಿನಿಂದ ದಿನಾಲು ಹೋಗಿಬರುವದು ಹೇಗೆಂದು ನನಗೂ ತಿಳಿಯದು. ಹಿಂದಿನ ಕಾಗದದಲ್ಲಿ ಇಂಥ ಸಾಲು ಒಂದೂ ಇರಲಿಲ್ಲ. ಖಾನಾಪುರದ ಅಂಚೆಯಲ್ಲಿ ಹಾಕಿದರೆ ಊರವರು ಕೈಬರಹವನ್ನು ಗುರುತಿಸುವರೆಂದು ಬೆಳಗಾವಿಯಲ್ಲಿಯೇ ಡಬ್ಬಿಗೆ ಹಾಕಿ ಸಂಜೆಯ ರೈಲಿಗೆ ಹೊರಟುಹೋದನು.

ಹದಿನೇಳು ದಿನಗಳ ಮೇಲೆ ಉತ್ತರ ಬಂತು. ಆತನು ಅದನ್ನು ನಮಗೆ ಓದಗೊಡಲಿಲ್ಲ. ಅದು ನಮಗೆ ಸರಿಯೆಂದೇ ತೋರಿತು. ಎರಡು ಸಂಗತಿಗಳನ್ನು ಮಾತ್ರ ತಿಳಿಸಿ, ಬರೆಯಲಿಕ್ಕೆ ಇಬ್ಬರ ಒಪ್ಪಿಗೆಯನ್ನೂ ತಂದುಕೊಟ್ಟಿದ್ದಾನೆ. ಆಕೆಯು ತನ್ನ ಸಂಬಳದ ಅರ್ಧವು ಇನ್ನು ಮೂರು ವರುಷ ತಮ್ಮನ ಓದಿಗೆ ಹೋಗಬೇಕೆಂದೂ, ಮೊದಲು ನೋಡಲು ಬಂದ ಎರಡು ಮನೆಯವರಿಗೆ ಇದನ್ನು ತನ್ನ ಹಿರಿಯರು ಹೇಳಲಿಲ್ಲವೆಂದೂ, ಇಬ್ಬರೂ ಆಮೇಲೆ ಬೇರೆಯವರಿಂದ ತಿಳಿದು ಸಿಟ್ಟಾದರೆಂದೂ ಬರೆದಿದ್ದಾಳೆ. ಕಾಗದವನ್ನು ಬೇಡಿದ ಕಾರಣವು ಇದು. ನಡುವೆ ಹಿರಿಯರಿಲ್ಲದೆ ತನ್ನ ಸಂಗತಿಯನ್ನು ತಾನೇ ಹೇಳುವದಕ್ಕೆ ಆಕೆಗೆ ಬೇರೆ ದಾರಿಯು ಕಾಣಲಿಲ್ಲ. ಎರಡನೆಯದು ಒಂದು ಪ್ರಶ್ನೆ: ಹಳ್ಳವು ಏರಿದಾಗ ರೋಗಿಯನ್ನು ದಾಟಿಸಲು ಊರಿನಲ್ಲಿ ಎಷ್ಟು ಮಂದಿ ಬೇಕು, ಎಷ್ಟು ಹೊತ್ತು ಹಿಡಿಯುವದು?

ನಾಲ್ಕು ಮಂದಿ, ಒಂದೂವರೆ ತಾಸು ಎಂದು ಆತನು ಬರೆದು ಹಾಕಿದ್ದಾನೆ. ಅದಕ್ಕೆ ಉತ್ತರವು ಇನ್ನೂ ಬಂದಿಲ್ಲ. ಭತ್ತವು ತೆನೆಗಟ್ಟಿದೆ, ಆತನು ರಾತ್ರಿ ಅಟ್ಟಣಿಗೆಯ ಮೇಲಿದ್ದಾನೆ.